ಮತ್ತೆ ಮತ್ತೆ ಕುಗ್ಗುವ ಶ್ವಾಸಕೋಶ: ಶಸ್ತ್ರಕ್ರಿಯೆಯಿಲ್ಲದ ಆರೈಕೆ

(ಆರೋಗ್ಯ ಪಾಠ)

ಎದೆಯ ಒಂದು ಪಕ್ಕದಲ್ಲಿ ಇದ್ದಕ್ಕಿದ್ದಂತೆ ಚುಚ್ಚಿದ ಹಾಗೆ ನೋವು. ಅದರ ಬೆನ್ನಿಗೇ ಮೇಲುಸಿರು. ‘ವಾಯು ಹಿಡಿದಿದೆ’ ಎಂದು ಎಣ್ಣೆ ತಿಕ್ಕಿ ಮಲಗಿಸುವವರುಂಟು. ಕೆಲವು ವೇಳೆ ಎದೆಯೊಳಗೆ ನಿಜವಾಗಿಯೂ ವಾಯುವೇ ಸೇರಿರುತ್ತದೆ. ಆದರೆ ಅದು ಎಣ್ಣೆಗೆ ಹೋಗುವಂಥದಲ್ಲ.

ಆಗುವುದೇನು?

ಶ್ವಾಸಕೋಶದ ಮೇಲೆ ಒಂದು, ಎದೆಗೂಡಿನ ಒಳಬದಿಗೆ ಒಂದು ತೆಳುವಾದ ಪೊರೆಯಿದೆ. ಎರಡರ ನಡುವೆ ತುಸು ತೇವವಿರುತ್ತದೆ. ಒದ್ದೆಯಾದ ಎರಡು ಗಾಜಿನ ಹಲ್ಲೆಗಳು ಜಾರುತ್ತವೆಯೇ ಹೊರತು ಬಿಟ್ಟುಕೊಳ್ಳುವುದಿಲ್ಲ; ಈ ಪೊರೆಗಳೂ ಹಾಗೆಯೇ. ಶ್ವಾಸಕೋಶದ ಮೇಲಿನ ಸಣ್ಣ ಗುಳ್ಳೆ ಒಡೆದರೆ ಪೊರೆಗಳ ನಡುವೆ ಗಾಳಿ ನುಗ್ಗಿ ಶ್ವಾಸಕೋಶ ಮುದುಡುತ್ತದೆ. ಇದನ್ನು ವೈದ್ಯರು ನ್ಯೂಮೋಥೊರಾಕ್ಸ್ ಎನ್ನುತ್ತಾರೆ. ಎತ್ತರವಾದ ತೆಳುಮೈಯ ಯುವಕರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಕ್ಷಯ ಅಥವಾ ಹಳೆಯ ದಮ್ಮು ಇರುವವರಿಗೆ ಇದು ಹೆಚ್ಚು. ಒಮ್ಮೆ ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮರುಕಳಿಸುತ್ತದೆ.

ಹಿಂದಿನವರು ಕಂಡ ಸಂಗತಿ

ಮೈಸೂರಿನ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಕ್ಷಯ ಆರೋಗ್ಯಧಾಮವನ್ನು ಬಲ್ಲವರು ಅನೇಕರು. ಕ್ಷಯದಿಂದ ತೀರಿಕೊಂಡ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯ ಹೆಸರು ಅದಕ್ಕಿದೆ. ಸ್ಟ್ರೆಪ್ಟೊಮೈಸಿನ್ ದೊರೆಯುವ ಮುನ್ನ, ಲೋಕದ ಅನೇಕ ಕ್ಷಯ ಆರೋಗ್ಯಧಾಮಗಳಲ್ಲಿ ವೈದ್ಯರು ಸೂಜಿಯಿಂದ ಎದೆಗೆ ಗಾಳಿ ತುಂಬಿ, ರೋಗ ತಗುಲಿದ ಶ್ವಾಸಕೋಶವನ್ನು ಬೇಕೆಂದೇ ಕುಗ್ಗಿಸಿ ವಿಶ್ರಾಂತಿ ಕೊಡುತ್ತಿದ್ದರು. ಇಟಲಿಯ ಕಾರ್ಲೊ ಫೋರ್ಲಾನಿನಿ ತೋರಿದ ಮಾರ್ಗವಿದು. ದೇಹವು ಆ ಗಾಳಿಯನ್ನು ಹೀರಿಕೊಳ್ಳುತ್ತಿದ್ದುದರಿಂದ ಪದೇ ಪದೇ ತುಂಬಬೇಕಾಗುತ್ತಿತ್ತು. ಅಂದರೆ, ತೂತು ಮುಚ್ಚಿಕೊಂಡರೆ ಸೇರಿದ ಗಾಳಿ ತಾನೇ ಕರಗುತ್ತದೆ. ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆಗೆ ಇದೇ ಆಧಾರ.

ಚಿಕಿತ್ಸೆಯ ಕ್ರಮಗಳು

1. ಕಾದು ನೋಡುವುದು: ಎಕ್ಸ್‌ರೇ ನೋಡಿ, ಉಸಿರು ಸಲೀಸಾಗಿದ್ದರೆ ವೈದ್ಯರು ಕಾಯಬಹುದು. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಪರೀಕ್ಷೆಯಲ್ಲಿ, ಹೀಗೆ ಕಾದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಕೊಳವೆ ಬೇಕಾಗಲಿಲ್ಲ. ಆದರೆ ಅವರಿಗೆ ಬಂದದ್ದು ಮೊದಲ ಸಲ. ಬೇರೆ ಶ್ವಾಸಕೋಶದ ರೋಗವೂ ಇರಲಿಲ್ಲ.

2. ಗಾಳಿ ತೆಗೆಯುವುದು: ಸೂಜಿಯಿಂದ, ಇಲ್ಲವೆ ನೀರಿನ ಬಾಟಲಿಗೆ ಜೋಡಿಸಿದ ಕೊಳವೆಯಿಂದ. ಈ ಬಾಟಲಿಯನ್ನು ರೋಗಿಯ ಎದೆಗಿಂತ ಮೇಲಕ್ಕೆ ಎತ್ತಕೂಡದು. ನೋಡಿಕೊಳ್ಳುವವರು ಇದನ್ನು ಮರೆಯತಕ್ಕದ್ದಲ್ಲ.

3. ಪೊರೆಗಳನ್ನು ಅಂಟಿಸುವುದು: ಅದೇ ಕೊಳವೆಯ ಮೂಲಕ ಟಾಲ್ಕ್ ಅಥವಾ ಪೊವಿಡೋನ್ ಅಯೋಡಿನ್ ಬಿಟ್ಟರೆ ಪೊರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನೋವು, ಜ್ವರ ಬರಬಹುದು. ಮರುಕಳಿಸದಂತೆ ತಡೆಯಲು ಶಸ್ತ್ರಕ್ರಿಯೆಯೇ ಹೆಚ್ಚು ಭದ್ರ. ವಯಸ್ಸು ಅಥವಾ ನಿಶ್ಶಕ್ತಿಯಿಂದ ಅದನ್ನು ತಡೆಯಲಾರದವರಿಗೆ ಇದು ಉಪಯುಕ್ತ.

ಮನೆಯಲ್ಲಿ ಪಾಲಿಸತಕ್ಕವು

ಬೀಡಿ ಸಿಗರೇಟನ್ನು ಪೂರ್ತಿಯಾಗಿ ಬಿಡಬೇಕು. ಮರುಕಳಿಕೆ ತಡೆಯಲು ರೋಗಿಯ ಕೈಲಿರುವ ದೊಡ್ಡ ಉಪಾಯ ಇದೇ. ಕಫ ಪರೀಕ್ಷೆ ಮಾಡಿಸಿ, ಕ್ಷಯವಿದ್ದರೆ ಸರ್ಕಾರ ಉಚಿತವಾಗಿ ಕೊಡುವ ಔಷಧಿಯನ್ನು ಅವಧಿ ಮುಗಿಯುವವರೆಗೂ ಸೇವಿಸಬೇಕು. ಹೆಂಗಸರಿಗೆ ಮುಟ್ಟಿನ ದಿನಗಳಲ್ಲೇ ಈ ನೋವು ಬರುವುದಾದರೆ ಸಂಕೋಚಪಡದೆ ವೈದ್ಯರಿಗೆ ಹೇಳಬೇಕು. ಗಾಳಿ ಕರಗಿದೆಯೆಂದು ಎಕ್ಸ್‌ರೇಯಲ್ಲಿ ಕಾಣುವವರೆಗೆ ವಿಮಾನ ಪ್ರಯಾಣ ಕೂಡದು. ಹಳೆಯ ಎಕ್ಸ್‌ರೇ, ಚೀಟಿಗಳನ್ನು ಜೋಪಾನವಾಗಿಡಿ.

ಎಚ್ಚರಿಕೆ

‘ಹೋದ ಸಲ ತಾನೇ ವಾಸಿಯಾಯಿತು’ ಎಂದು ಮನೆಯಲ್ಲೇ ಉಳಿಯುವುದು ಅಪಾಯ. ತೂತು ಮುಚ್ಚದೆ ಗಾಳಿ ಒತ್ತಡ ಕಟ್ಟಿದರೆ ಹೃದಯಕ್ಕೂ ತೊಂದರೆಯಾಗಿ, ಸ್ವಲ್ಪ ಹೊತ್ತಿನಲ್ಲೇ ಪ್ರಾಣ ಹೋಗಬಹುದು. ತುಟಿ ನೀಲಿಯಾದರೆ, ತಣ್ಣನೆಯ ಬೆವರು ಬಂದರೆ, ಮಾತಾಡಲಾಗದಷ್ಟು ಏದುಸಿರಾದರೆ ಕೂಡಲೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸೇರಿಸಿ. ಕಾಯಬಹುದೋ ಬಾರದೋ ಎಂಬುದನ್ನು ಪ್ರತಿ ಸಲವೂ ವೈದ್ಯರೇ ನಿರ್ಧರಿಸಬೇಕು.

ಚರ್ಚೆಗೆ ಪ್ರಶ್ನೆಗಳು

1. ಎದೆಯೊಳಗೆ ಸೇರಿದ ಗಾಳಿ ತಾನೇ ಕರಗುವುದು ಯಾವಾಗ?
2. ಯಾವ ಚಿಹ್ನೆ ಕಂಡರೆ ಒಂದು ಗಳಿಗೆಯೂ ತಡಮಾಡಕೂಡದು?
3. ನಿಮ್ಮ ಊರಿನಲ್ಲಿ ಬೀಡಿ ಬಿಡಿಸಲು ಏನು ಮಾಡಬಹುದು?