ಶೇರ್ಡ್ ಪೂಲ್ ಚೂರಾದಾಗ: ಡಿಬಿಎಗಳಿಗೆ ಎಂಟು ಸೂತ್ರಗಳು

ಒರಾಕಲ್ ಸರ್ವರ್‌ನಲ್ಲಿ ಓಆರ್‌ಎ-04031 ಎರರ್ ಬಂದ ಕೂಡಲೇ ಮೆಮೊರಿ ಹೆಚ್ಚಿಸಲು ಕೈ ಹಾಕಬೇಡಿ. ಇರುವ ಮೆಮೊರಿಯನ್ನು ಚೂರು ಮಾಡುತ್ತಿರುವುದು ಯಾವುದೆಂದು ಮೊದಲು ಪತ್ತೆ ಹಚ್ಚಿ.

1. ಎರರ್ ಸಾಲನ್ನು ಪೂರ್ತಿ ಓದಿ. ಎಷ್ಟು ಬೈಟ್ ಕೇಳಲಾಗಿತ್ತು, ಯಾವ ಪೂಲ್‌ನಲ್ಲಿ ಸಿಗಲಿಲ್ಲ ಎಂಬುದು ಅದರಲ್ಲೇ ಇರುತ್ತದೆ. ಲಾರ್ಜ್ ಪೂಲ್, ಜಾವಾ ಪೂಲ್ ಸಾಲದೆ ಹೋದಾಗಲೂ ಇದೇ ಎರರ್ ಬರುತ್ತದೆ. ಹೆಸರು ನೋಡದೆ ಶೇರ್ಡ್ ಪೂಲ್ ಮೇಲೆ ತಪ್ಪು ಹೊರಿಸಬೇಡಿ.

2. ಒಟ್ಟು ಖಾಲಿ ಜಾಗವನ್ನು ನಂಬಿ ಕೂರಬೇಡಿ. ವಿ$ಎಸ್‌ಜಿಎಸ್‌ಟ್ಯಾಟ್ ತೋರಿಸುವ ‘ಫ್ರೀ ಮೆಮೊರಿ’ ಚೂರುಗಳನ್ನೆಲ್ಲ ಕೂಡಿಸಿದ ಲೆಕ್ಕ. ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಸೀಟು ಖಾಲಿ ಇದ್ದರೆ ಮನೆಮಂದಿ ಒಟ್ಟಿಗೆ ಕೂರಲಾದೀತೇ? ಒಂದೇ ಕಡೆ ಎಷ್ಟು ಜಾಗವಿದೆ ಎಂಬುದೇ ಮುಖ್ಯ.

3. ಸಬ್‌ಪೂಲ್ ಮರೆಯಬೇಡಿ. ದೊಡ್ಡ ಸರ್ವರ್‌ಗಳಲ್ಲಿ ಶೇರ್ಡ್ ಪೂಲ್ ಗರಿಷ್ಠ 7 ಭಾಗಗಳಾಗಿ ಒಡೆದಿರಬಹುದು. ಒಂದು ಬರಿದಾಗಿ ಉಳಿದವುಗಳಲ್ಲಿ ಜಾಗವಿದ್ದರೂ ಎರರ್ ಬರುತ್ತದೆ. ಎರರ್‌ನಲ್ಲಿ ‘ಎಸ್‌ಜಿಎ ಹೀಪ್(3,0)’ ಎಂದಿದ್ದರೆ ತೊಂದರೆ 3ನೇ ಸಬ್‌ಪೂಲ್‌ನದ್ದು.

4. ರಿಸರ್ವ್ ಜಾಗದ ಲೆಕ್ಕ ನೋಡಿ. ದೊಡ್ಡ ಬೇಡಿಕೆಗಳಿಗೆಂದು ಡಿಫಾಲ್ಟ್ ಆಗಿ ಪೂಲ್‌ನ 5% ಮೀಸಲಿರುತ್ತದೆ. ವಿ$ಶೇರ್ಡ್_ಪೂಲ್_ರಿಸರ್ವ್ಡ್‌ನಲ್ಲಿ ರಿಕ್ವೆಸ್ಟ್_ಫೇಲ್ಯೂರ್ಸ್ ಏರುತ್ತಿದೆಯೇ? ಹಾಗಿದ್ದರೆ ಲಾಸ್ಟ್_ಫೇಲ್ಯೂರ್_ಸೈಜ್ ಗಮನಿಸಿ. ಅದು ಡಿಫಾಲ್ಟ್ ಮಿತಿಯಾದ 4,400 ಬೈಟ್ ದಾಟಿದ್ದರೆ ಮೀಸಲು ಸಾಲುತ್ತಿಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಜಾಗವೇ ಚೂರಾಗಿದೆ.

5. ಲಿಟರಲ್ ಎಸ್‌ಕ್ಯುಎಲ್ ಹಿಡಿಯಿರಿ. ಎಷ್ಟೋ ಸಲ ರೋಗದ ಮೂಲ ಇಲ್ಲೇ. ಗ್ರಾಹಕರ ನಂಬರ್ ಮಾತ್ರ ಬದಲಾಗುವ ಸಾವಿರ ಕ್ವೆರಿಗಳು ಸಾವಿರ ಕರ್ಸರ್‌ಗಳಾಗಿ ಜಾಗ ಕಬಳಿಸುತ್ತವೆ. ವಿ$ಎಸ್‌ಕ್ಯುಎಲ್ ಅನ್ನು ಫೋರ್ಸ್_ಮ್ಯಾಚಿಂಗ್_ಸಿಗ್ನೇಚರ್ ಪ್ರಕಾರ ಗುಂಪು ಮಾಡಿ, ಕಳ್ಳ ಸಿಕ್ಕಿಬೀಳುತ್ತಾನೆ. ಡೆವಲಪರ್‌ಗಳ ಜೊತೆ ಕೂತು ಬೈಂಡ್ ವೇರಿಯಬಲ್ ಹಾಕಿಸಿ. ಕೋಡ್ ಬದಲಾಗುವವರೆಗೆ ಕರ್ಸರ್_ಶೇರಿಂಗ್ ಅನ್ನು ಫೋರ್ಸ್ ಮಾಡಿ ದಿನ ದೂಡಬಹುದು. ಮೊದಲು ಟೆಸ್ಟ್ ಸರ್ವರ್‌ನಲ್ಲಿ ಪರೀಕ್ಷಿಸಿ.

6. ಎಕ್ಸ್$ ಟೇಬಲ್‌ಗಳ ಬಳಿ ಎಚ್ಚರ. ಎಕ್ಸ್$ಕೆಎಸ್‌ಎಂಎಸ್‌ಪಿ ಪ್ರತಿ ಚೂರನ್ನೂ ತೋರಿಸುತ್ತದೆ, ಆದರೆ ಓದುವಾಗ ಲ್ಯಾಚ್ ಹಿಡಿಯುತ್ತದೆ. ವಹಿವಾಟಿನ ಹೊತ್ತಿನಲ್ಲಿ ಓಡಿಸಿದರೆ ಪ್ರೊಡಕ್ಷನ್ನೇ ನಿಂತುಬಿಡಬಹುದು. ಎಕ್ಸ್$ಕೆಎಸ್‌ಎಂಎಲ್‌ಆರ್‌ಯು ಅನ್ನು ಒಮ್ಮೆ ಓದಿದರೆ ಮಾಹಿತಿ ಅಳಿಸಿಹೋಗುತ್ತದೆ. ಫಲಿತಾಂಶವನ್ನು ಆಗಲೇ ಉಳಿಸಿಟ್ಟುಕೊಳ್ಳಿ.

7. ಫ್ಲಶ್ ಚಿಕಿತ್ಸೆಯಲ್ಲ. ಶೇರ್ಡ್ ಪೂಲ್ ಫ್ಲಶ್ ಮಾಡಿದರೆ ತುಸು ಹೊತ್ತು ಉಸಿರಾಡಬಹುದು. ಬೆನ್ನಲ್ಲೇ ಎಲ್ಲ ಕ್ವೆರಿಗಳೂ ಹಾರ್ಡ್ ಪಾರ್ಸ್ ಆಗಿ ಸಿಪಿಯು ಏರುತ್ತದೆ. ಸದಾ ಬೇಕಾಗುವ ದೊಡ್ಡ ಪಿಎಲ್/ಎಸ್‌ಕ್ಯುಎಲ್ ಪ್ಯಾಕೇಜ್‌ಗಳನ್ನು ಡೇಟಾಬೇಸ್ ಶುರುವಾದ ತಕ್ಷಣ ಡಿಬಿಎಂಎಸ್_ಶೇರ್ಡ್_ಪೂಲ್.ಕೀಪ್ ಮೂಲಕ ಪಿನ್ ಮಾಡುವುದು ಮೇಲು.

8. ಗಾತ್ರದ ಮಾತು ಕೊನೆಗೆ. ಆಟೊಮ್ಯಾಟಿಕ್ ಮೆಮೊರಿ ಇದ್ದರೆ ವಿ$ಎಸ್‌ಜಿಎ_ರಿಸೈಜ್_ಆಪ್ಸ್ ನೋಡಿ. ಪೂಲ್ ಪದೇ ಪದೇ ಹಿಗ್ಗಿ ಕುಗ್ಗುತ್ತಿದ್ದರೆ ಶೇರ್ಡ್_ಪೂಲ್_ಸೈಜ್‌ಗೆ ಕನಿಷ್ಠ ಮಿತಿ ಕೊಡಿ. ಇಷ್ಟೆಲ್ಲ ಆದ ಮೇಲೂ ಜಾಗ ಸಾಲದಿದ್ದರೆ ಧೈರ್ಯವಾಗಿ ಹೆಚ್ಚಿಸಿ. 5ನೇ ಸೂತ್ರ ಬಿಟ್ಟು ನೇರ ಇಲ್ಲಿಗೆ ಬಂದರೆ ದೊಡ್ಡ ಪೂಲ್ ಕೂಡ ಚೂರಾಗುತ್ತದೆ, ಸ್ವಲ್ಪ ತಡವಾಗಿ ಅಷ್ಟೇ.