ಬೂಟಾಸಿಂಗ್ ಮತ್ತು ಜೈನಬ್: ಈ ಕಥೆಯ ಕರ್ತೃ ಯಾರು?

ಕರ್ತರಿ ಮತ್ತು ಕರ್ಮಣಿ ಪ್ರಯೋಗಗಳನ್ನು ಕಲಿಸುವಾಗ ನಾವು ಉಪಾಧ್ಯಾಯರು ಸಾಮಾನ್ಯವಾಗಿ 'ರಾಮನು ಮರವನ್ನು ಕಡಿದನು', 'ರಾಮನಿಂದ ಮರವು ಕಡಿಯಲ್ಪಟ್ಟಿತು' ಎಂಬಂಥ ವಾಕ್ಯಗಳನ್ನೇ ಕೊಡುತ್ತೇವೆ. ಮಕ್ಕಳು ಸಲೀಸಾಗಿ ಬದಲಾಯಿಸಿ ಬರೆಯುತ್ತಾರೆ, ಅಂಕವೂ ದೊರೆಯುತ್ತದೆ. ಧಾತುವಿಗೆ 'ಅಲ್ಪಡು' ಸೇರಿತು, ಕರ್ತೃಪದ ತೃತೀಯಾ ವಿಭಕ್ತಿಗೆ ಹೋಯಿತು, ಎಷ್ಟೋ ವಾಕ್ಯಗಳಲ್ಲಿ ಅದು ಬಿದ್ದೇ ಹೋಯಿತು. ಇಷ್ಟಕ್ಕೇ ಪಾಠ ಮುಗಿಯುತ್ತದೆ. ಈ ವರ್ಷ ಅದೇ ಪಾಠವನ್ನು ಒಂದು ನಿಜಕಥೆಯ ಮೂಲಕ ಮಾಡಿದೆ. ತರಗತಿಯ ಹೊರಗಿನವರೂ ಓದಲೆಂದು ಅದನ್ನು ಇಲ್ಲಿ ಬರೆದಿದ್ದೇನೆ.

ಕಥೆ ಪಂಜಾಬಿನದು. ೧೯೪೭ರ ಆಗಸ್ಟ್ ೧೭ರಂದು, ಅಂದರೆ ಸ್ವಾತಂತ್ರ್ಯ ಬಂದ ಎರಡು ದಿನಗಳ ಅನಂತರ, ರ‍್ಯಾಡ್‌ಕ್ಲಿಫ್ ಎಳೆದ ಗಡಿರೇಖೆ ಪ್ರಕಟವಾಯಿತು. ಹೊಲದಲ್ಲಿದ್ದವರಿಗೆ ತಾವು ಯಾವ ದೇಶದಲ್ಲಿದ್ದೇವೆಂಬುದು ಆಮೇಲೆ ತಿಳಿಯಿತು. ಒಂದು ಕೋಟಿಗೂ ಮಿಕ್ಕಿದ ಜನ ಮನೆಮಾರು ಬಿಟ್ಟು ಅತ್ತಿಂದಿತ್ತ ನಡೆದರು. ಎತ್ತಿನ ಗಾಡಿಗಳ, ಕಾಲ್ನಡಿಗೆಯವರ ಈ ಸಾಲುಗಳನ್ನು ಅಲ್ಲಿಯವರು 'ಕಾಫಿಲಾ' ಎನ್ನುತ್ತಿದ್ದರು. ಅಂಥ ಸಾಲುಗಳ ಮೇಲೆ ದಾಳಿ ನಡೆದಾಗ ಎರಡೂ ಕಡೆ ಹೆಂಗಸರನ್ನು ಹೊತ್ತೊಯ್ದರು. ಅವರ ಸಂಖ್ಯೆ ಸುಮಾರು ೭೫,೦೦೦ ಎಂದು ಅಂದಾಜು.

ನಮ್ಮ ಗಡಿನಾಡಿನ ಮಕ್ಕಳಿಗೆ ಒಂದು ಮಾತು. ನಮ್ಮ ಮೇಲೂ ೧೯೫೬ರ ನವೆಂಬರ್ ೧ರಂದು ಒಂದು ಗೆರೆ ಬಿತ್ತು. ಅದರಿಂದ ನಮಗೆ ಆದ ತೊಡಕುಗಳನ್ನು ನಿಮ್ಮ ಮನೆಯ ಹಿರಿಯರು ಹೇಳುತ್ತಲೇ ಇರುತ್ತಾರೆ. ಆದರೆ ಮರುದಿನ ಬೆಳಿಗ್ಗೆ ನಮ್ಮವರು ಅದೇ ಕೊಟ್ಟಿಗೆಯ ಹಸುವನ್ನು ಕರೆದರು, ಅದೇ ಬಾವಿಯ ನೀರು ಸೇದಿದರು. ಪಂಜಾಬಿನ ಗೆರೆ ಅಂಥದಲ್ಲ.

ಜೈನಬ್ ಎಂಬವಳು ರೈತಾಪಿ ಮುಸಲ್ಮಾನ ಮನೆತನದ ಎಳೆಯ ಹುಡುಗಿ. ಪಾಕಿಸ್ತಾನಕ್ಕೆ ಹೊರಟ ತನ್ನವರಿಂದ ಅವಳನ್ನು ಬೇರ್ಪಡಿಸಿ ಹೊತ್ತೊಯ್ದರು. ಬೂಟಾಸಿಂಗ್ ಜಲಂಧರ ಜಿಲ್ಲೆಯ ಸಿಖ್ ರೈತ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿದ್ದು ಊರಿಗೆ ಮರಳಿದ ಸಿಪಾಯಿ, ಮದುವೆಯಾಗದವನು. ಅಪಹರಿಸಿದವನಿಗೆ ಹಣ ಕೊಟ್ಟು ಅವನು ಜೈನಬಳನ್ನು ಪಡೆದ, ಆಮೇಲೆ ಮದುವೆಯಾದ. ಇಲ್ಲಿಯೇ ಹೇಳುವವರಲ್ಲಿ ಭೇದ ಕಾಣುತ್ತದೆ. ೧೯೭೫ರಲ್ಲಿ ಪ್ರಕಟವಾದ 'ಫ್ರೀಡಂ ಅಟ್ ಮಿಡ್‌ನೈಟ್' ಎಂಬ ಪ್ರಸಿದ್ಧ ಪುಸ್ತಕದಲ್ಲಿ ಅವಳು ಬೆನ್ನಟ್ಟಿದವನಿಂದ ತಪ್ಪಿಸಿಕೊಂಡು ಬೂಟಾಸಿಂಗನ ಹೊಲಕ್ಕೆ ಓಡಿಬರುತ್ತಾಳೆ. ಅವನು ಹಣ ತೆತ್ತು ಕಾಪಾಡುತ್ತಾನೆ. ೧೯೯೮ರಲ್ಲಿ ಊರ್ವಶಿ ಬುಟಾಲಿಯಾ ಅವರು ವಿಭಜನೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಅವಳನ್ನು ಅವನಿಗೆ ಮಾರಲಾಯಿತು ಎಂದಿದೆ. ಕೊಟ್ಟ ಹಣ ಒಂದೇ. ಆದರೆ 'ಕಾಪಾಡಿದನು' ಎಂದರೆ ಒಂದು ಕಥೆ, 'ಕೊಂಡನು' ಎಂದರೆ ಇನ್ನೊಂದು. ಕ್ರಿಯಾಪದವನ್ನು ಆರಿಸುವಾಗ ಎಚ್ಚರವಿರಲಿ ಎಂದು ನಾನು ಹೇಳುತ್ತಿರುವುದು ಇದಕ್ಕಾಗಿಯೇ.

ಮದುವೆಯ ಅನಂತರ ಇಬ್ಬರೂ ಹೊಂದಿಕೊಂಡು ಬಾಳಿದರು, ಮನೆಯಲ್ಲಿ ಮಕ್ಕಳಾಟ ಬಂತು ಎಂಬಲ್ಲಿ ಎಲ್ಲರ ಮಾತೂ ಕೂಡುತ್ತದೆ. ಮಗಳು ಒಬ್ಬಳೇ ಎಂದು ಒಂದು ಕಡೆ, ಇಬ್ಬರೆಂದು ಇನ್ನೊಂದು ಕಡೆ ಇದೆ.

ಈ ನಡುವೆ ಎರಡೂ ಸರ್ಕಾರಗಳು ಅಪಹೃತ ಹೆಂಗಸರನ್ನು ಹುಡುಕಿ ಅವರವರ ದೇಶಕ್ಕೆ ಕಳುಹಿಸಲು ೧೯೪೭ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿದ್ದವು. ನಮ್ಮಲ್ಲಿ ಮೃದುಲಾ ಸಾರಾಭಾಯಿ ಅವರು ಈ ಕೆಲಸದ ಮುಂದಾಳು. ೧೯೪೯ರಲ್ಲಿ ಇದಕ್ಕಾಗಿಯೇ ಕಾನೂನೂ ಆಯಿತು. ಆ ಕಾನೂನಿನಲ್ಲಿ 'ಅಪಹೃತ ವ್ಯಕ್ತಿ' ಎಂದರೆ ಯಾರು ಎಂಬ ವಿವರಣೆಯಿದೆ. ೧೯೪೭ರ ಮಾರ್ಚ್ ೧ರಂದು ಅಥವಾ ಆಮೇಲೆ, ೧೯೪೯ರ ಜನವರಿ ೧ಕ್ಕೆ ಮೊದಲು ತನ್ನ ಕುಟುಂಬದಿಂದ ಬೇರ್ಪಟ್ಟು, ಮುಸಲ್ಮಾನರಲ್ಲದವರ ಜೊತೆಯಲ್ಲಿ ಅಥವಾ ಹತೋಟಿಯಲ್ಲಿ ಇರುವ ಮುಸಲ್ಮಾನ ವ್ಯಕ್ತಿ. ಗಂಡಾದರೆ ಹದಿನಾರು ವರ್ಷದೊಳಗಿನ ಹುಡುಗ. ಹೆಣ್ಣಾದರೆ ಯಾವ ವಯಸ್ಸಿನವಳಾದರೂ ಸರಿ. ಹದಿನೇಳರ ಹುಡುಗ ತನ್ನ ಇಚ್ಛೆ ತಾನು ಹೇಳಬಲ್ಲ, ನಲವತ್ತರ ಹೆಂಗಸು ಹೇಳಲಾರಳು ಎಂದಾಯಿತು! ಪೊಲೀಸರು ವಾರಂಟ್ ಇಲ್ಲದೆ ಮನೆ ಹೊಕ್ಕು ಕರೆದೊಯ್ಯಬಹುದಿತ್ತು. ಸಂಶಯ ಬಂದರೆ ವಿಶೇಷ ನ್ಯಾಯಮಂಡಳಿ ತೀರ್ಮಾನಿಸುತ್ತಿತ್ತು. 'ಅವಳಿಗೆ ಹೋಗಲು ಮನಸ್ಸಿಲ್ಲದಿದ್ದರೆ?' ಎಂಬ ಪ್ರಶ್ನೆಯನ್ನು ಸಭೆಯಲ್ಲೇ ಕೆಲವು ಸದಸ್ಯರು ಎತ್ತಿದ್ದರು. ಆದರೂ ಕಾನೂನು ಅಂಗೀಕೃತವಾಯಿತು.

ಕಾನೂನನ್ನು ಸುಮ್ಮನೆ ಹಳಿಯುವುದೂ ತಪ್ಪು. ಬೀಗ ಹಾಕಿದ ಕೋಣೆಗಳಿಂದ, ಕೈಯಿಂದ ಕೈಗೆ ಮಾರಾಟವಾಗುವ ನರಕದಿಂದ ಎಷ್ಟೋ ಹೆಣ್ಣುಮಕ್ಕಳು ಈ ಕೆಲಸದಿಂದಾಗಿ ಹೊರಬಂದರು. ಎರಡೂ ದೇಶಗಳಲ್ಲಿ ಸೇರಿ ಸುಮಾರು ೩೦,೦೦೦ ಮಂದಿ ಪತ್ತೆಯಾದರು. ಅವರಲ್ಲಿ ಬಿಡುಗಡೆ ಬೇಡಿದವರೂ ಇದ್ದರು, ಬೇಡವೆಂದು ಅತ್ತವರೂ ಇದ್ದರು. ಕಾನೂನಿಗೆ ಇಬ್ಬರೂ ಒಂದೇ ಆಗಿಬಿಟ್ಟರು.

ಬೂಟಾಸಿಂಗನ ಆಸ್ತಿಯ ಮೇಲೆ ಕಣ್ಣಿಟ್ಟಿದ್ದ ಅಣ್ಣತಮ್ಮಂದಿರ ಮಕ್ಕಳು ಅಧಿಕಾರಿಗಳಿಗೆ ಸುಳಿವು ಕೊಟ್ಟರೆಂದು ಹೇಳುತ್ತಾರೆ. ಜೈನಬಳನ್ನು ಕರೆದೊಯ್ದರು. ಅವಳು ಶಿಬಿರ ಸೇರಿ, ಅಲ್ಲಿಂದ ಪಾಕಿಸ್ತಾನದಲ್ಲಿ ನೆಲೆಸಿದ್ದ ತನ್ನವರ ಬಳಿಗೆ ಕಳುಹಿಸಲ್ಪಟ್ಟಳು. ಇವನು ಮುಸಲ್ಮಾನನಾಗಿ ಮತಾಂತರ ಹೊಂದಿದ. ಪರವಾನಗಿ ಸಿಗದೆ ಕದ್ದು ಗಡಿ ದಾಟಿದ. ಅಷ್ಟರಲ್ಲಿ ಅವಳನ್ನು ಹತ್ತಿರದ ಸಂಬಂಧಿಗೆ ಮದುವೆ ಮಾಡಿಕೊಟ್ಟಿದ್ದರು. ಸಿಪಾಯಿ ಸಿಕ್ಕಿಬಿದ್ದು ನ್ಯಾಯಾಲಯಕ್ಕೆ ಬಂದ. ಅವಳು ನನ್ನ ಹೆಂಡತಿ, ಕೇಳಿ ನೋಡಿ ಎಂದು ಬೇಡಿಕೊಂಡ. ಮನೆಯವರು ಸುತ್ತುವರಿದು ಕರೆತಂದ ಜೈನಬ್, ಅವನೊಂದಿಗೆ ಹೋಗಲಾರೆನೆಂದಳು.

೧೯೫೭ರ ಫೆಬ್ರವರಿಯಲ್ಲಿ ಲಾಹೋರಿನ ಬಳಿಯ ಶಾಹದರಾ ನಿಲ್ದಾಣದಲ್ಲಿ ಬೂಟಾಸಿಂಗ್ ರೈಲಿಗೆ ಸಿಕ್ಕಿ ಪ್ರಾಣ ಬಿಟ್ಟ. ಮಗಳು ಜೊತೆಯಲ್ಲಿದ್ದಳು, ದೈವವಶಾತ್ ಬದುಕಿದಳು. ಜೈನಬಳ ಊರಿನಲ್ಲಿ ಹೂಳಬೇಕೆಂಬುದು ಅವನ ಕೊನೆಯ ಆಸೆ. ಊರವರು ಒಪ್ಪಲಿಲ್ಲ, ಲಾಹೋರಿನ ಮಿಯಾನಿ ಸಾಹಿಬ್ ಸ್ಮಶಾನದಲ್ಲಿ ಹೂಳಿದರು. ಅಲ್ಲಿಯ ಜನರೇ ಅವನನ್ನು 'ಪ್ರೇಮಕ್ಕಾಗಿ ಮಡಿದವ' ಎಂದು ಕರೆದರು. ಅವನ ದುಃಖಕ್ಕೆ ನನ್ನ ಕಣ್ಣೂ ತೇವವಾಗುತ್ತದೆ, ನಿಜ. ಆದರೆ ಏನೂ ಅರಿಯದ ಮಗುವನ್ನು ಹಳಿಯ ಮೇಲೆ ಕರೆದೊಯ್ದವನಿಗೆ ಆ ಬಿರುದು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

೧೯೯೯ರಲ್ಲಿ ಈ ಕಥೆ ಪಂಜಾಬಿ ಚಲನಚಿತ್ರವಾಯಿತು. ೨೦೦೧ರ ಹಿಂದಿ ಚಿತ್ರ 'ಗದರ್' ಇದರ ಎಳೆ ಹಿಡಿದು ಕೊನೆಯನ್ನೇ ತಿರುಗಿಸಿತು: ನಾಯಕ ಪಾಕಿಸ್ತಾನಕ್ಕೆ ನುಗ್ಗಿ ಹೆಂಡತಿಯನ್ನು ಕರೆತರುತ್ತಾನೆ. ಟಾಕೀಸಿನಲ್ಲಿ ಜನ ಶಿಳ್ಳೆ ಹಾಕಿದರು. ಇದಕ್ಕಿಂತ ಬಹಳ ಮೊದಲೇ, ೧೯೫೦ರಲ್ಲಿ, ಅಮೃತಾ ಪ್ರೀತಂ 'ಪಿಂಜರ್' ಎಂಬ ಕಾದಂಬರಿ ಬರೆದರು. ಅದರ ಪೂರೋ ಎಂಬ ಹುಡುಗಿಯೂ ಅಪಹೃತಳೇ. ಕೊನೆಯಲ್ಲಿ ತವರಿಗೆ ಮರಳುವ ಬಾಗಿಲು ತೆರೆದಾಗ ತಾನಾಗಿಯೇ ನಿಂತು, ಇಲ್ಲಿಯೇ ಉಳಿಯುತ್ತೇನೆ ಎಂದು ನಿರ್ಧರಿಸುತ್ತಾಳೆ. ನನಗೆ ಚಲನಚಿತ್ರಗಳಿಗಿಂತ ಇದು ಹೆಚ್ಚು ಹಿಡಿಸಿತು.

ಈಗ ವ್ಯಾಕರಣಕ್ಕೆ ಬರೋಣ. ಜೈನಬಳ ಬಗೆಗಿನ ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿದೆ: ಅಪಹರಿಸಲ್ಪಟ್ಟಳು, ಮಾರಲ್ಪಟ್ಟಳು, ಒಯ್ಯಲ್ಪಟ್ಟಳು, ಕಳುಹಿಸಲ್ಪಟ್ಟಳು. ಬೂಟಾಸಿಂಗನದು: ಕೊಂಡನು, ಮದುವೆಯಾದನು, ದಾಟಿದನು, ಬೇಡಿದನು, ಸತ್ತನು. ಅವಳ ಪಾಲಿಗೆ ಬಂದ ಕರ್ತರಿ ವಾಕ್ಯ ನ್ಯಾಯಾಲಯದಲ್ಲಿ ಆಡಿದ 'ಹೋಗಲಾರೆ' ಎಂಬುದೊಂದೇ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಅದನ್ನೂ ಅವಳಿಂದ ಹೇಳಿಸಿದ್ದಲ್ಲವೇ? ಹಾಗಾದರೆ ಅದು ಪ್ರೇರಣಾರ್ಥಕ" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಮನೆಯವರ ಹೆದರಿಕೆಗೆ ಹೇಳಿದಳೋ, ಹಣ ಕೊಟ್ಟು ಪಡೆದವನನ್ನು ಅವಳು ಎಂದೂ ಗಂಡನೆಂದು ಒಪ್ಪಿರಲೇ ಇಲ್ಲವೋ? ಎರಡಕ್ಕೂ ಎಡೆಯಿದೆ ಎಂದಷ್ಟೇ ಹೇಳಿ ಕೂರಿಸಿದೆ.

ಮರುದಿನಕ್ಕೆ ಮನೆಗೆಲಸವಾಗಿ, ಜೈನಬಳನ್ನು ಕರ್ತೃವಾಗಿಟ್ಟು, 'ಅಲ್ಪಡು' ಬಳಸದೆ, ಹತ್ತು ವಾಕ್ಯ ಬರೆದು ತರಲು ಹೇಳಿದೆ. ಹೆಚ್ಚಿನವರು ನ್ಯಾಯಾಲಯದಿಂದಲೇ ಆರಂಭಿಸಿದ್ದರು. ಒಬ್ಬ ಹುಡುಗಿ ಮಾತ್ರ ಊರು ಬಿಡುವ ಬೆಳಗಿನಿಂದ ತೊಡಗಿದ್ದಳು: ಜೈನಬ್ ಎಮ್ಮೆಯನ್ನು ಬಿಚ್ಚಿ ಬಿಟ್ಟಳು, ಹಿತ್ತಲ ಬಾಗಿಲು ಹಾಕಿದಳು, ಸಂಜೆ ಬಂದು ತೆಗೆಯುತ್ತೇನೆಂದುಕೊಂಡಳು. ಅಷ್ಟರಲ್ಲೇ ಹತ್ತು ವಾಕ್ಯ ಮುಗಿದಿತ್ತು. ಸಿಪಾಯಿಯ ಸುದ್ದಿಯೇ ಬಂದಿರಲಿಲ್ಲ. ಎರಡು ಕಡೆ ಒತ್ತಕ್ಷರ ತಪ್ಪಿದ್ದುವು. ಕೆಂಪು ಶಾಯಿಯಲ್ಲಿ ತಿದ್ದಿ, ಪೂರ್ತಿ ಅಂಕ ಹಾಕಿ ಕೊಟ್ಟೆ.