ಕಾರಿನ ಮೈಮೇಲಿನ ಜೇಡರ ಬಲೆ

ಹಾಸ್ಟೆಲ್ ಮೆಸ್ಸಿನ ಸ್ಟೀಲ್ ತಟ್ಟೆಯನ್ನ ಒಮ್ಮೆ ಮೊಬೈಲ್ ಟಾರ್ಚ್ ಕೆಳಗೆ ಹಿಡಿದು ನೋಡಿ. ಬೆಳಕಿನ ಚುಕ್ಕೆಯ ಸುತ್ತ ಸಣ್ಣ ಸಣ್ಣ ಗೀರುಗಳು ಉಂಗುರ ಉಂಗುರವಾಗಿ ಕಾಣ್ತವೆ. ಟಾರ್ಚ್ ಸರಿಸಿದರೆ ಉಂಗುರಗಳೂ ಅದರ ಜೊತೆಗೇ ಸರಿಯುತ್ತವೆ. ಗೀರು ಓಡಾಡೋದಿಲ್ಲ, ಮತ್ತೆ ಇದು ಹೇಗೆ?

ನಿಜ ಏನಂದ್ರೆ ಗೀರುಗಳು ಎಲ್ಲಾ ದಿಕ್ಕಿಗೂ ಬಿದ್ದಿರುತ್ತವೆ. ಒಂದೊಂದು ಗೀರೂ ಪುಟ್ಟ ಕಾಲುವೆ ಇದ್ದ ಹಾಗೆ. ಅದು ಬೆಳಕನ್ನ ತನ್ನ ಉದ್ದಕ್ಕೆ ಅಡ್ಡವಾಗಿ ಮಾತ್ರ ಚೆದುರಿಸುತ್ತೆ. ಹಾಗಾಗಿ ಸಾವಿರ ಗೀರುಗಳಲ್ಲಿ ಬೆಳಕಿನ ಚುಕ್ಕೆಗೆ ಅಡ್ಡಲಾಗಿ ಬಿದ್ದವು ಮಾತ್ರ ಕಣ್ಣಿಗೆ ಹೊಳೆಯುತ್ತವೆ, ಎಲ್ಲಾ ಸೇರಿ ಜೇಡರ ಬಲೆ ಥರ ಕಾಣುತ್ತೆ. ಕಾರಿನ ಪೇಂಟ್ ಮೇಲೆ ಇದೇ ಆದಾಗ ಅದಕ್ಕೆ ಸ್ವರ್ಲ್ ಮಾರ್ಕ್ ಅಂತಾರೆ. ಬಿಳಿ ಕಾರಿನಲ್ಲಿ ಅಷ್ಟಾಗಿ ಗೊತ್ತಾಗಲ್ಲ. ಕಪ್ಪು, ಕಡು ನೀಲಿ ಕಾರು ಬಿಸಿಲಿಗೆ ಬಂದರೆ ಮಾತ್ರ ಮರ್ಯಾದೆ ಹೋಗುತ್ತೆ.

ನಾವು ನಾಲ್ಕು ಜನ ಈ ವಿದ್ಯೆ ಕಲಿತಿದ್ದು ಕಳೆದ ಸೆಮಿಸ್ಟರ್ ರಜೆಯಲ್ಲಿ. ನಮ್ಮಲ್ಲೊಬ್ಬನ ಅಕ್ಕನ ಮದುವೆಗೆ ಮೂರು ವಾರ ಇತ್ತು. ಅವರ ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ ಕಡು ನೀಲಿ ಕಾರಿನಲ್ಲೇ ಮದುಮಗಳು ಛತ್ರಕ್ಕೆ ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಅಂಕಲ್ ಆ ಕಾರನ್ನ ಪ್ರತಿದಿನ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸ್ತಾರೆ, ಅಷ್ಟು ಪ್ರೀತಿ. ಆ ಪ್ರೀತಿಯೇ ಗೀರಿಗೆ ಕಾರಣ ಅಂತ ಅವರಿಗೆ ಹೇಳೋ ಧೈರ್ಯ ನಮಗೆ ಇರಲಿಲ್ಲ. ದೂಳಿನಲ್ಲಿ ಕ್ವಾರ್ಟ್ಜ್ ಕಣ ಇರುತ್ತೆ, ಮೋಸ್ ಸ್ಕೇಲಿನಲ್ಲಿ ಅದರ ಗಡಸುತನ 7. ಕಾರಿನ ಪೇಂಟು ಅದರ ಮುಂದೆ ಬೆಣ್ಣೆ. ಒಣ ಬಟ್ಟೆಯಲ್ಲಿ ಒರೆಸೋದು ಅಂದ್ರೆ ಸ್ಯಾಂಡ್‌ಪೇಪರ್ ತಗೊಂಡು ಮೃದುವಾಗಿ ಉಜ್ಜಿದ ಹಾಗೆ.

ಮೆಷಿನ್ ಮುಟ್ಟೋ ಮೊದಲು ಪೇಂಟಿನ ಪದರಗಳು ಗೊತ್ತಿರಬೇಕು. ಸ್ಟೀಲ್ ಶೀಟ್ ಮೇಲೆ ತುಕ್ಕು ತಡೆಯೋ ಇ-ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಕೊಡೋ ಬೇಸ್ ಕೋಟ್, ಕೊನೆಗೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಕಂಪನಿಯಿಂದ ಬಂದ ಪೇಂಟು ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಪಾಲು 35ರಿಂದ 50. ನಮ್ಮ ತಲೆಕೂದಲಿಗಿಂತ ತೆಳು! ಸ್ವರ್ಲ್ ಮಾರ್ಕ್ ಇರೋದು ಈ ಕ್ಲಿಯರ್ ಕೋಟ್‌ನ ಮೇಲ್ಮೈಯಲ್ಲಿ. ಪಾಲಿಶ್ ಅಂದ್ರೆ ಗೀರನ್ನ ತುಂಬೋದಲ್ಲ, ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನ ಗೀರಿನ ತಳದವರೆಗೆ ಸವೆಸೋದು. ಹೋದ ಮೈಕ್ರಾನ್ ವಾಪಸ್ ಬರಲ್ಲ. ಬಿಸಿಲಿನ ಯುವಿ ತಡೆಯೋ ಕೆಲಸವೂ ಈ ಪದರದ್ದೇ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳೋ ಗೀರಾದರೆ ಅದು ಆಳದ್ದು, ಅದನ್ನ ಪೂರ್ತಿ ತೆಗೆಯೋ ಆಸೆ ಬಿಟ್ಟುಬಿಡಿ.

ಲ್ಯಾಬಿನಿಂದ ಕೇಳಿ ತಂದಿದ್ದ ಥಿಕ್‌ನೆಸ್ ಗೇಜ್ ಹಿಡಿದು ಕಾರಿನ ಸುತ್ತ ಅಳೆದೆವು. ರೂಫ್ 118. ಬಾಗಿಲುಗಳು ಹೆಚ್ಚು ಕಡಿಮೆ ಅಷ್ಟೇ. ಎಡಗಡೆ ಫೆಂಡರ್ 240! ಅಂದ್ರೆ ಯಾವಾಗಲೋ ಗುದ್ದಿ, ಮತ್ತೆ ಪೇಂಟ್ ಹೊಡೆದಿದ್ದಾರೆ. ಕಾರು ಮಾರಿದವರು ಇದನ್ನ ಅಂಕಲ್‌ಗೆ ಹೇಳೇ ಇರಲಿಲ್ಲ. ಬಾನೆಟ್ ಮಾತ್ರ 92. ಹಿಂದೆ ಯಾರೋ ಚೆನ್ನಾಗಿ ರಬ್ಬಿಂಗ್ ಮಾಡಿಸಿದ್ದಾರೆ ಅನ್ನೋದಕ್ಕೆ ಅದು ಸೂಚನೆ. ಗೇಜ್ ಒಟ್ಟು ದಪ್ಪ ಹೇಳುತ್ತೆ, ಅದರಲ್ಲಿ ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತ ಹೇಳಲ್ಲ. 92 ಅಂತ ನೋಟ್‌ಬುಕ್ಕಲ್ಲಿ ಬರೆದುಕೊಂಡೆವು, ಬರೆದು ಮರೆತೆವು. ಆ ವಿಷಯಕ್ಕೆ ಆಮೇಲೆ ಬರ್ತೀವಿ.

ಈಗ ಮೆಷಿನ್. ಎರಡು ಜಾತಿ ಇದೆ. ರೋಟರಿ ಅಂದ್ರೆ ಪ್ಯಾಡು ಒಂದೇ ಅಕ್ಷದ ಮೇಲೆ ಗರಗರ ತಿರುಗೋದು. ಡಿಎ, ಅಂದ್ರೆ ಡ್ಯುಯಲ್ ಆ್ಯಕ್ಷನ್, ಪ್ಯಾಡನ್ನ ಸಣ್ಣ ವೃತ್ತದಲ್ಲಿ ಓಲಾಡಿಸ್ತಾ ಜೊತೆಗೆ ನಿಧಾನಕ್ಕೆ ತಿರುಗಿಸುತ್ತೆ. ಭೂಮಿ ತಾನೂ ಸುತ್ತಿ ಸೂರ್ಯನನ್ನೂ ಸುತ್ತೋ ಥರ. ಲೆಕ್ಕ ಹಾಕಿ ನೋಡಿ: 150 ಮಿ.ಮೀ. ಪ್ಯಾಡ್ ರೋಟರಿಯಲ್ಲಿ 1500 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 12 ಮೀಟರ್, ನಡುಮಧ್ಯೆ ಸೊನ್ನೆ. ಅದೇ 15 ಮಿ.ಮೀ. ಥ್ರೋ ಇರೋ ಡಿಎ ನಿಮಿಷಕ್ಕೆ 4800 ಸಲ ಓಲಾಡಿದರೆ ಪ್ಯಾಡಿನ ಪ್ರತಿ ಬಿಂದುವಿಗೂ ಆ ಓಲಾಟದಿಂದ ಸಿಗೋದು ಸೆಕೆಂಡಿಗೆ 3.8 ಮೀಟರ್ ಹತ್ತಿರ. ಘರ್ಷಣೆಯ ಶಾಖ ಅಂದ್ರೆ ಮ್ಯೂ ಗುಣಿಲೆ ಒತ್ತಡದ ಬಲ ಗುಣಿಲೆ ವೇಗ, ಫಸ್ಟ್ ಇಯರ್ ಫಿಸಿಕ್ಸ್. ಸ್ವಲ್ಪ ಓರೆಯಾಗಿ ಹಿಡಿದ ರೋಟರಿ ಅಷ್ಟೂ ಶಾಖವನ್ನ ಅಂಚಿನ ಒಂದೇ ಕಡೆ ಸುರಿಯುತ್ತೆ. ಡಿಎ ಹಾಗಲ್ಲ, ಜಾಸ್ತಿ ಒತ್ತಿದರೆ ಅಥವಾ ಓರೆ ಹಿಡಿದರೆ ಪ್ಯಾಡ್ ತಿರುಗೋದನ್ನೇ ನಿಲ್ಲಿಸುತ್ತೆ. ಬ್ಯಾಕಿಂಗ್ ಪ್ಲೇಟ್ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಟ್ಟರೆ ಪ್ಯಾಡ್ ತಿರುಗ್ತಿದೆಯೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತೆ. ಹೊಸಬರಿಗೆ ಡಿಎ, ಬೇರೆ ಮಾತಿಲ್ಲ.

ಕೆಲಸ ಶುರು ಮಾಡೋದು ತೊಳೆಯೋದರಿಂದ. ಮೊದಲು ಬರೀ ನೀರು ಹಾಯಿಸಿ ಮಣ್ಣು ಇಳಿಸಿ, ಆಮೇಲೆ ಶಾಂಪೂ. ಒಣಗಿದ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಪೇಂಟ್ ಮೇಲೆ ಸವರಿ. ತರಿತರಿ ಅನ್ನಿಸಿದರೆ ಇನ್ನೂ ಕೊಳೆ ಅಂಟಿಕೊಂಡಿದೆ ಅಂತ ಅರ್ಥ, ಕ್ಲೇ ಬಾರ್‌ಗೆ ಜಾರೋ ದ್ರವ ಹಾಕಿಕೊಂಡು ಉಜ್ಜಬೇಕು. ಕ್ಲೇ ಕೆಳಗೆ ಬಿತ್ತಾ? ಎತ್ತಿಕೊಳ್ಳಬೇಡಿ, ಎಸೆದುಬಿಡಿ. ರಬ್ಬರ್, ಕಪ್ಪು ಪ್ಲಾಸ್ಟಿಕ್, ಪ್ಯಾನೆಲ್ ಅಂಚು, ಇವಕ್ಕೆಲ್ಲ ಮಾಸ್ಕಿಂಗ್ ಟೇಪ್. ಕಾರು ನೆರಳಲ್ಲಿರಲಿ, ಶೀಟು ಮುಟ್ಟಿದರೆ ತಣ್ಣಗಿರಬೇಕು.

ಆಮೇಲೆ ಎರಡಡಿ ಚೌಕದ ಟೆಸ್ಟ್ ಸ್ಪಾಟ್. ಇದನ್ನ ಬಿಟ್ಟು ನೇರ ಇಡೀ ಕಾರಿಗೆ ಹೋಗೋರು ಜಾಸ್ತಿ. ಮೊದಲು ಮೃದು ಫೋಮ್ ಪ್ಯಾಡ್, ನಯವಾದ ಪಾಲಿಶ್. ಅದರಲ್ಲೇ ಗೀರು ಹೋದರೆ ಸಾಕು, ಹೋಗದಿದ್ದರೆ ಮಾತ್ರ ಕಾಂಪೌಂಡ್, ಗಟ್ಟಿ ಪ್ಯಾಡ್. ಪ್ಯಾಡ್ ಮೇಲೆ ಬಟಾಣಿ ಗಾತ್ರದ ನಾಲ್ಕೈದು ಹನಿ ಹಾಕಿ, ಮೆಷಿನ್ ಆಫ್ ಇರುವಾಗಲೇ ಪೇಂಟ್ ಮೇಲೆ ಒತ್ತಿ, ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ. ಮೊದಲು ಅಡ್ಡಡ್ಡ, ಆಮೇಲೆ ಉದ್ದುದ್ದ, ಪ್ರತಿ ಸಾಲೂ ಹಿಂದಿನದರ ಅರ್ಧವನ್ನ ಮುಚ್ಚಬೇಕು. ಕೈ ನಿಧಾನ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಅಷ್ಟೇ. ನಾವು ಮೊದಲ ದಿನ ನೆಲ ಒರೆಸೋ ಸ್ಪೀಡಲ್ಲಿ ಆಡಿಸಿ, ಏನೂ ಆಗ್ತಿಲ್ಲ ಅಂತ ಕಾಂಪೌಂಡನ್ನ ಬೈದ್ವಿ. ನಾಲ್ಕರಿಂದ ಆರು ಪಾಸ್ ಆದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಮತ್ತೆ ಒರೆಸಿ. ಪಾಲಿಶ್‌ನ ಎಣ್ಣೆ ಗೀರಿನೊಳಗೆ ಕೂತು ಎಲ್ಲಾ ಸರಿ ಹೋಯ್ತು ಅಂತ ನಂಬಿಸುತ್ತೆ, ಅದು ಹೋದ ಮೇಲೆ ಟಾರ್ಚ್ ಹಿಡಿದರೆ ನಿಜ ಗೊತ್ತಾಗೋದು. ಒಂದು ಭಾಗ ಮುಗಿದಾಗಲೆಲ್ಲ ಪ್ಯಾಡನ್ನ ಬ್ರಷ್‌ನಿಂದ ಕೆದರಿ ಪುಡಿ ತೆಗೆಯಿರಿ. ಪ್ಲಾಸ್ಟಿಕ್ ಬಂಪರ್ ಹತ್ತಿರ ಇನ್ನೂ ಹಗುರ ಕೈ ಇರಲಿ, ಅದು ಸ್ಟೀಲಿನ ಹಾಗೆ ಶಾಖ ಹರಿದು ಹೋಗೋಕೆ ಬಿಡಲ್ಲ.

ಎರಡು ದಿನದಲ್ಲಿ ಬಾಗಿಲು, ರೂಫ್, ಡಿಕ್ಕಿ ಎಲ್ಲಾ ಮುಗೀತು. ಬಾಗಿಲಿನಲ್ಲಿ ಎದುರು ಮನೆಯ ತೆಂಗಿನ ಮರದ ಗರಿ ಗರಿಯೂ ಕಾಣ್ತಿತ್ತು. ಆಂಟಿ ಬಂದು ನೋಡಿ, ಕನ್ನಡಿ ಬೇಡ ಬಿಡ್ರೋ, ಇಲ್ಲೇ ತಲೆ ಬಾಚ್ಕೋಬಹುದು ಅಂದ್ರು. ಅದು ನಮ್ಮ ತಲೆಗೆ ಏರಿತು.

ಬಾನೆಟ್ಟಿನ ಮುಂದಿನ ಮಡಿಕೆಯ ಹತ್ತಿರ ಒಂದು ಆಳದ ಗೀರು ಉಳಿದಿತ್ತು. ಡಿಎಗೆ ಅದು ಬಗ್ಗಲಿಲ್ಲ. ನಾವು ಪರಿಚಯದ ಗ್ಯಾರೇಜಿನಿಂದ ರೋಟರಿ ತಂದೆವು. ಟೇಪ್ ತೆಗೆದಾಗಿತ್ತು, ಮತ್ತೆ ಹಚ್ಚೋಕೆ ಸೋಮಾರಿತನ. ಪ್ಯಾಡ್ ಅರ್ಧ ಮಡಿಕೆಯ ಮೇಲೆ, ಅರ್ಧ ಗಾಳಿಯಲ್ಲಿ. ಹತ್ತು ಸೆಕೆಂಡ್ ಇರಬಹುದು. ಎತ್ತಿ ನೋಡಿದರೆ ಬಿಳಿ ಪ್ಯಾಡಿಗೆ ನೀಲಿ ಬಣ್ಣ ಅಂಟಿತ್ತು. ಕ್ಲಿಯರ್ ಕೋಟ್ ಇರೋ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಬಂತು ಅಂದ್ರೆ ಕ್ಲಿಯರ್ ಕೋಟ್ ಮುಗಿದಿದೆ, ಬೇಸ್ ಕೋಟ್ ಸವೀತಿದೆ ಅಂತ. ಮಡಿಕೆ, ಅಂಚುಗಳಲ್ಲಿ ಪೇಂಟ್ ಮೊದಲೇ ತೆಳುವಾಗಿ ಕೂತಿರುತ್ತೆ, ಒತ್ತಡವೆಲ್ಲ ಅಲ್ಲೇ ಬೀಳುತ್ತೆ. ಬಾನೆಟ್ 92 ಅಂತ ನೋಟ್‌ಬುಕ್ಕಲ್ಲಿ ಇದ್ದೇ ಇತ್ತು.

ಎರಡು ರೂಪಾಯಿ ನಾಣ್ಯದಷ್ಟು ಮಂಕು ಮಚ್ಚೆ. ಸಂಜೆ ಅಂಕಲ್ ಬಂದಾಗ ನಾವೇ ಕರ್ಕೊಂಡು ಹೋಗಿ ತೋರಿಸಿದ್ವಿ. ಅವರು ಬೆರಳಲ್ಲಿ ಸವರಿ, "ಇದು ಮತ್ತೆ ಉಜ್ಜಿದ್ರೆ ಹೋಗುತ್ತೇನ್ರಪ್ಪಾ?" ಅಂದ್ರು. ಇಲ್ಲ ಅಂಕಲ್ ಅಂದ್ವಿ. ಸುಮ್ಮನೆ ಒಳಗೆ ಹೋಗಿಬಿಟ್ಟರು. ಬೈದಿದ್ರೆ ಚೆನ್ನಾಗಿತ್ತು. ಬಾನೆಟ್ ಪೂರ್ತಿ ಪೇಂಟ್ ಹೊಡೆಸೋಕೆ ನಾಲ್ಕೂವರೆ ಸಾವಿರ ಕೇಳಿದರು. ಹೊಸ ಪೇಂಟು ಗಟ್ಟಿಯಾಗೋಕೆ ಸಮಯ ಬೇಕು, ಅದರ ಮೇಲೆ ಹೂವಿನ ಟೇಪ್ ಅಂಟಿಸಬಾರದು ಅಂತ ಪೇಂಟರ್ ಹೇಳಿದ್ದರಿಂದ ಮದುವೆ ಆದ ಮೇಲೆ ಮಾಡಿಸೋದು ಅಂತಾಯ್ತು. ನಾಲ್ಕು ಜನ ಹಂಚಿಕೊಂಡು ಎರಡು ತಿಂಗಳಲ್ಲಿ ತೀರಿಸಿದೆವು. ಮದುವೆ ದಿನ ಆ ಜಾಗದ ಮೇಲೆ ಸೇವಂತಿಗೆ ಹಾರ ಬಂತು. ಫೋಟೋದಲ್ಲಿ ಕಾಣಲ್ಲ, ನಮಗೆ ಮಾತ್ರ ಕಾಣುತ್ತೆ.

ಪಾಲಿಶ್ ಆದ ಪೇಂಟು ಬರಿಮೈಯಲ್ಲಿ ಇರುತ್ತೆ, ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಿಯೇ ಬಿಡಿ. ತೊಳೆಯುವಾಗ ಎರಡು ಬಕೆಟ್ ಇಟ್ಕೊಳ್ಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಅಂಕಲ್‌ಗೆ ನಾವು ನಾಲ್ಕು ಮೈಕ್ರೋಫೈಬರ್ ಬಟ್ಟೆ ಕೊಟ್ಟು, ದಿನಾ ಒಣಗಿರುವಾಗ ಒರೆಸಬೇಡಿ ಅಂತ ಕೊನೆಗೂ ಹೇಳಿದ್ವಿ. ಈಗ ಅವರು ಭಾನುವಾರ ಮಾತ್ರ ತೊಳೀತಾರಂತೆ. ಹಳೇ ಬಟ್ಟೆಯನ್ನ ಮಾತ್ರ ಇನ್ನೂ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದಾರೆ.